ತಗ್ಗು ದನಿಯ ಮಗಳು

ವೆಸ್ಟ್ ಹ್ಯಾಲೆನ್, ಅಯೋವಾ
ಡಿಸೆಂಬರ್ ೧೬, ಸೋಮವಾರ

ಪ್ರೀತಿಯ ಅಮ್ಮಾ,

ಮೊದಲು ನನ್ನನ್ನು ಮನಸಾರೆ ಬೈದುಬಿಡು, ಆಮೇಲೆ ಕೂತು ಓದು. ಅಕ್ಟೋಬರಿನಿಂದ ಈಚೆಗೆ ನಾನು ನಿನಗೆ ಕಳಿಸಿದ್ದು ಬರೀ ಪೋಸ್ಟ್‌ಕಾರ್ಡುಗಳು. ಅವುಗಳಲ್ಲಿ "ಚೆನ್ನಾಗಿದ್ದೇನೆ, ಚಳಿ ಜಾಸ್ತಿ" ಎನ್ನುವುದು ಬಿಟ್ಟರೆ ಏನೂ ಇರಲಿಲ್ಲ. ಫೋನಿನಲ್ಲಿ ಮಾತಾಡಿದರೆ ನಿನ್ನ ಗಂಟಲು ಬೇಗ ಸೋಲುತ್ತದೆಂದು ನಾವಿಬ್ಬರೂ ಕಾಗದಕ್ಕೆ ಒಗ್ಗಿಕೊಂಡವರು. ಅಪ್ಪನಿಗೆ ಹೇಳಿದರೆ ಅವರು ನಿನಗೆ ಅರ್ಧ ತಲುಪಿಸುತ್ತಾರೆ, ಆ ಅರ್ಧವೂ ತಿರುಗಾಮುರುಗಾ ಆಗಿರುತ್ತದೆ. ಅದಕ್ಕೇ ಎಲ್ಲವನ್ನೂ ಈಗ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಶನಿವಾರ ಮನೆಗೆ ಬರುವ ಮೊದಲೇ ಇದು ನಿನ್ನ ಕೈಸೇರಬೇಕು.

ಹಾಡಿನ ಪರೀಕ್ಷೆ ಪಾಸಾದೆ ಎಂದು ಅಪ್ಪ ಹೇಳಿರುತ್ತಾರೆ. ಅಷ್ಟು ಮಾತ್ರ ಹೇಳಿ, ಮಿಕ್ಕಿದ್ದನ್ನು ನಾನೇ ಬರೆಯುತ್ತೇನೆ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ನಾನು ಫೋನ್ ಮಾಡಿದಾಗ ಅವರು ಯಾರದೋ ಮನೆಯ ನೆಲಮಾಳಿಗೆಯಲ್ಲಿ ಹೀಟರಿನ ಕೆಳಗೆ ಮಲಗಿ ಪೈಪು ಬಿಚ್ಚುತ್ತಿದ್ದರಂತೆ. ಸುದ್ದಿ ಕೇಳಿ ಧಡಕ್ಕನೆ ಎದ್ದು ಹಣೆ ಬಡಿಸಿಕೊಂಡರು. ಅವರ ಹಣೆಯ ಮೇಲೆ ಬುಗುಟು ನೋಡಿದ್ದೀಯಲ್ಲ, ಅದು ನನ್ನ ಲೆಕ್ಕಕ್ಕೆ.

ಆದರೆ ಅಮ್ಮಾ, ನಾನು ಪಾಸಾದದ್ದು ಸೊಪ್ರಾನೊ ಆಗಿ, ನಿನ್ನ ಹಾಗೆ ಎತ್ತರದ ದನಿಯವಳಾಗಿ ಅಲ್ಲ.

ಮೇ ತಿಂಗಳಲ್ಲಿ ಫೇಲಾಗಿ ಮನೆಗೆ ಬಂದಾಗ ಬೇಸಿಗೆಯಿಡೀ ನಾವು ಆ ಮಾತು ಎತ್ತಲಿಲ್ಲ. ನೀನು ಗಸಗಸೆ ತುಂಬಿದ ಕೊಲಾಚಿ ಬನ್ನು ಬೇಯಿಸಿ ನನ್ನ ಮುಂದಿಟ್ಟೆ, ನಾನು ತಿಂದೆ. ಅಪ್ಪ ಮಾತ್ರ ಒಂದು ದಿನ ಗ್ಯಾರೇಜಿನಲ್ಲಿ, "ಸಂಗೀತ ಕೈಕೊಟ್ರೆ ಕೊಡ್ಲಿ ಬಿಡು ಡೀ. ಹೀಟರ್ ರಿಪೇರಿ ಕಲಿಸ್ತೀನಿ. ಅಯೋವಾದಲ್ಲಿ ಚಳಿಗೇನು ಬರಗಾಲ ಇಲ್ಲ" ಎಂದರು. ನಕ್ಕೆ, ಆದರೆ ಅದು ನಗುವ ವಿಷಯವಾಗಿರಲಿಲ್ಲ. ಡಿಸೆಂಬರಿನಲ್ಲಿ ಇನ್ನೊಂದು ಅವಕಾಶ, ಅದೂ ಹೋದರೆ ಸಂಗೀತ ವಿಭಾಗದಿಂದ ಹೊರಗೆ ಎಂದು ಐದೂ ಜನ ಪ್ರೊಫೆಸರುಗಳು ಸಹಿ ಹಾಕಿದ್ದರಲ್ಲ.

ಸೆಪ್ಟೆಂಬರಿನಲ್ಲಿ ನನಗೆ ಹಾಡು ಕಲಿಸಲು ಹೊಸ ಮೇಡಂ ಬಂದರು. ಹೆಸರು ಡಾಕ್ಟರ್ ಯೋಲಾಂಡಾ ಪ್ರೂಯಿಟ್, ಊರು ದಕ್ಷಿಣದ ಮೆಂಫಿಸ್. ಇಲ್ಲಿಯ ಚಳಿಗೆ ಎರಡು ಕೋಟು ಒಂದರ ಮೇಲೊಂದು ಹಾಕಿಕೊಂಡು ಪಿಯಾನೊ ಮುಂದೆ ಕೂರುತ್ತಾರೆ. ಕಲಿಸುವಾಗ ಒಂದನ್ನು ಕಳಚುತ್ತಾರೆ, ಸಿಟ್ಟು ಬಂದರೆ ಎರಡನ್ನೂ. ಮೊದಲ ಪಾಠದಲ್ಲಿ ನಾನು ಹಾಡಿ ಮುಗಿಸಿದಾಗ ಅವರು ನನ್ನ ಕತ್ತನ್ನೇ ನೋಡುತ್ತಿದ್ದರು. "ಚೆನ್ನಾಗಿ ಹಾಡ್ತೀಯ ಮರಿ. ಆದ್ರೆ ಏಣಿ ಮೇಲೆ ನಿಂತು ಹಾಡೋ ಹಾಗಿದೆ. ಯಾವಾಗ ಬೀಳ್ತೀಯೋ ಅಂತ ನಂಗೇ ಭಯ" ಎಂದರು. ಮೊದಲ ದಿನವೇ ಹೀಗೆ ಅನ್ನುತ್ತಾರಲ್ಲ ಎಂದು ನನಗೆ ರೇಗಿತು.

ಅಕ್ಟೋಬರಿನಲ್ಲಿ ಬಿದ್ದೆ. ಪಾಠದ ಮಧ್ಯೆ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಲೂ ಇಲ್ಲ, ಸುಮ್ಮನೆ ಇಲ್ಲವಾಯಿತು. ಬಾಯಿ ತೆರೆದಿದೆ, ಉಸಿರು ಹೋಗುತ್ತಿದೆ, ಸ್ವರ ಮಾತ್ರ ಇಲ್ಲ. ಥೈರಾಯ್ಡ್ ಆಪರೇಷನ್ ಆದ ಮೇಲೆ ನೀನು ಅಡುಗೆಮನೆಯಲ್ಲಿ ಮೊದಲ ಸಲ ಹಾಡಲು ಹೋದಾಗ ಬರೀ ಗಾಳಿ ಬಂದಿತ್ತಲ್ಲ, ನನಗೆ ಆ ಕ್ಷಣ ಅದೇ ನೆನಪಾಯಿತು. ಪ್ರೂಯಿಟ್ ಮೇಡಂ ಪಿಯಾನೊ ಮುಚ್ಚಿ, ಎರಡೂ ಕೋಟು ಹಾಕಿಕೊಂಡು, ಅವರ ಕಾರಿನಲ್ಲೇ ನನ್ನನ್ನು ಡುಬ್ಯೂಕ್‌ನ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದುದು ಒಂದೇ: ಇದು ಅಮ್ಮನಿಗೆ ಗೊತ್ತಾಗಬಾರದು. ಡಾಕ್ಟರ್ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಇಲ್ಲ, ನರಕ್ಕೆ ಏನೂ ಆಗಿಲ್ಲ, ಸ್ವರತಂತುಗಳು ಬಳಲಿ ಊದಿಕೊಂಡಿವೆ ಅಷ್ಟೆ. ಎರಡು ವಾರ ಮಾತಿಲ್ಲ, ಪಿಸುಮಾತೂ ಇಲ್ಲ ಎಂದರು. ಈಗ ಎಲ್ಲ ವಾಸಿಯಾಗಿದೆ. ಇನ್ನೊಮ್ಮೆ ಓದಿಕೋ ಅಮ್ಮ, ಎಲ್ಲ ವಾಸಿಯಾಗಿದೆ.

ಆ ಎರಡು ವಾರ ಕುತ್ತಿಗೆಗೆ ಒಂದು ಬಿಳಿ ಹಲಗೆ ನೇತುಹಾಕಿಕೊಂಡು ತಿರುಗಿದೆ. ನನ್ನ ರೂಮಿನ ಟೆಸ್ ಇದ್ದಾಳಲ್ಲ, ಭೂಗರ್ಭಶಾಸ್ತ್ರ ಓದುವವಳು. ನಮ್ಮದು ಸಣ್ಣ ಕಾಲೇಜು, ವಾದ್ಯಗೋಷ್ಠಿಗೆ ಜನ ಸಾಲುವುದಿಲ್ಲ. ಅವಳು ಹೈಸ್ಕೂಲಿನಲ್ಲಿ ಬಸೂನ್ ಎನ್ನುವ ಉದ್ದನೆಯ ಕೊಳವೆವಾದ್ಯ ಊದುತ್ತಿದ್ದಳೆಂದು ಗೊತ್ತಾದ ದಿನವೇ ಎಳೆದುಕೊಂಡು ಹೋಗಿ ಕೂರಿಸಿದ್ದಾರೆ, ಇಡೀ ಕಾಲೇಜಿಗೆ ಅವಳೊಬ್ಬಳೇ ಬಸೂನ್. ನನ್ನ ಹಲಗೆಯನ್ನು ಊಟದ ಹಾಲ್‌ನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವ ಕೆಲಸ ಅವಳೇ ವಹಿಸಿಕೊಂಡಳು. ನಾನು "ಉಪ್ಪು" ಎಂದು ಬರೆದರೆ ಅವಳು, "ಮಹಾರಾಣಿಯವರಿಗೆ ಉಪ್ಪು ಬೇಕಂತೆ, ಜೊತೆಗೆ ನನ್ನ ಜಿಯಾಲಜಿ ಹೋಂವರ್ಕ್ ಮಾಡಿಕೊಡ್ತಾರಂತೆ!" ಎಂದು ಕೂಗುತ್ತಿದ್ದಳು. ಆ ವಾರಗಳಲ್ಲಿ ಅಪ್ಪ ಫೋನ್ ಮಾಡಿದಾಗಲೆಲ್ಲ ಸಿಗ್ನಲ್ ಕೆಟ್ಟಿದೆ ಎಂದು ಮೆಸೇಜು ಹಾಕಿಸಿದ್ದೂ ಅವಳೇ.

ಮಾತು ಮರಳಿ ಬಂದ ದಿನ ಪಾಠಕ್ಕೆ ಹೋದೆ. ಮೇಡಂ ಹಾಡಲು ಬಿಡಲಿಲ್ಲ.

"ಯಾರನ್ನಾದ್ರೂ ಬೈಯಿ."

"ಯಾರನ್ನ?"

"ಮನೇಲಿ ನಾಯಿ ಇದ್ಯಾ? ಬೈಯಿ ಅದನ್ನ. ಸೋಫಾ ಹರಿದುಹಾಕಿದೆ ಅಂದ್ಕೋ."

ನಾನು ನಮ್ಮ ಬಸ್ಟರ್‌ಗೆ ಬೈದೆ. "ಇಳಿಯೋ ಕೆಳಗೆ! ಎಷ್ಟು ಸಲ ಹೇಳ್ಬೇಕೋ ನಿಂಗೆ!" ಅವರು ಕಣ್ಣುಮುಚ್ಚಿ ಕೇಳುತ್ತಾ ಪಿಯಾನೊದ ಎಡಗಡೆಯ ತಗ್ಗು ಸ್ವರಗಳಿಗೆ ಬೆರಳು ಇಳಿಸಿ, ನಾನು ಬೈದ ದನಿಯ ಮಟ್ಟದ ಸ್ವರವನ್ನೇ ಒತ್ತಿದರು. "ಅಲ್ಲೇ ಇದ್ದೀಯ. ಅಲ್ಲಿಂದ್ಲೇ ಹಾಡು."

ಹಾಡಿದೆ. ಅದನ್ನು ಹೇಗೆ ಹೇಳಲಿ ಅಮ್ಮ? ಇಷ್ಟು ವರ್ಷ ಹಿಮ್ಮಡಿ ಎತ್ತಿ ಮೇಲಿನ ಕಪಾಟಿಗೆ ಕೈಚಾಚುತ್ತಿದ್ದವಳು ಈಗ ಇಡೀ ಪಾದ ಊರಿ ನೆಲದ ಮೇಲೆ ನಿಂತಂತಾಯಿತು. ಎದೆಯ ಮೂಳೆ ಗುಂಯ್ ಎಂದಿತು. ದೊಡ್ಡ ದನಿ, ಕಪ್ಪು ಜೇನಿನಂಥ ದನಿ, ನನ್ನದೇ ಎಂದು ನಂಬಲಾಗಲಿಲ್ಲ. ನನಗೆ ಸಂತೋಷ ಆಗಬೇಕಿತ್ತು. ಆದರೆ ಅಳು ಬಂತು.

"ನಾನು ಆಲ್ಟೊ ಅಲ್ಲ," ಎಂದೆ.

"ಆಲ್ಟೊ ಅನ್ನೋದು ಕಾಯಿಲೆ ಅಲ್ಲ ಮರಿ. ದೇವರು ಕೊಟ್ಟ ತಗ್ಗು ದನಿ ಅಷ್ಟೆ. ನಿಮ್ಮನೇಲಿ ಸೊಪ್ರಾನೊ ಯಾರು?"

"ಅಮ್ಮ. ಈಗ ಹಾಡಲ್ಲ. ಹಾಡೋಕಾಗಲ್ಲ."

ಅವರು, "ನೀನು ಹಾಡುವಾಗ ತುಟಿ ಒಂದು ಕಡೆಗೆ ಎಳೀತೀಯ, ಅದೂ ಅಮ್ಮಂದೇನಾ?" ಎಂದು ಕೇಳಿದರು. ನಾನು ಹೌದೆಂದೆ. "ಪ್ರೀತಿಯಿಂದ್ಲೇ ಮಾಡಿದ್ದೀಯ. ಆದ್ರೆ ಇನ್ನೊಬ್ಬರ ದನೀಲಿ ಪರೀಕ್ಷೆ ಪಾಸಾಗೋಕಾಗಲ್ಲ ಕಣಮ್ಮ" ಎಂದರು.

ಹಾಡಿನ ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಆಮೇಲಿನ ವಾರಗಳಲ್ಲೂ ಪಾಠಕ್ಕೆ ಹೋಗಲೇ ಇಲ್ಲ. ರೂಮಿನಲ್ಲಿ ಹೊದ್ದು ಮಲಗಿದ್ದರೆ ಟೆಸ್ ತನ್ನ ಕಲ್ಲುಗಳನ್ನು ಒರೆಸುತ್ತಾ ಕೂತಿದ್ದಳು. "ನಂಗೆ ಯಾರಾದ್ರೂ ಕಲ್ಲು ತಂದುಕೊಟ್ರೆ ಇದು ಸುಣ್ಣಕಲ್ಲು ಅಂತ ಹೇಳ್ತೀನಿ. ಅಯ್ಯೋ ಗ್ರಾನೈಟ್ ಆಗ್ಬೇಕಿತ್ತಲ್ಲಾ ಅಂತ ಹೊದ್ಕೊಂಡು ಮಲಗಲ್ಲ," ಎಂದಳು. ಅವಳ ಮೇಲೆ ದಿಂಬು ಎಸೆದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಬುದ್ಧಿಮಾತಲ್ಲ, ಜ್ವರ. ನವೆಂಬರ್ ಕೊನೆಯಲ್ಲಿ, ಕಾಲೇಜಿನ ಕ್ರಿಸ್‌ಮಸ್ ಕಛೇರಿಗೆ ವಾರವಿರುವಾಗ ಎಲ್ಲೆಲ್ಲೂ ಫ್ಲೂ ಹಬ್ಬಿತು. ನಮ್ಮ ಗಾಯನವೃಂದದ ಆಲ್ಟೊ ಸಾಲಿನಲ್ಲಿ ಇದ್ದವರೇ ಬೆರಳೆಣಿಕೆ, ಅದರಲ್ಲಿ ಅರ್ಧ ಜನ ಹಾಸಿಗೆ ಹಿಡಿದರು. ನಿರ್ದೇಶಕರು ಸೊಪ್ರಾನೊಗಳ ಕಡೆ ನೋಡಿ, "ಯಾರಾದ್ರೂ ಕೆಳಗಿನ ಸಾಲಿಗೆ ಬರ್ತೀರಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು. ಯಾರೂ ಮಿಸುಕಲಿಲ್ಲ. ನನ್ನ ಕಾಲು ತಾನೇ ನಡೆಯಿತು.

ಅಲ್ಲಿ ನಿಂತಾಗ ನನಗೊಂದು ವಿಷಯ ಗೊತ್ತಾಯಿತು. ಇಷ್ಟು ವರ್ಷವೂ ನಾನು ಹಾಡು ಕೇಳಿಯೇ ಇರಲಿಲ್ಲ. ಎತ್ತರದ ಸ್ವರ ಬರುತ್ತದೆಂದು ಎರಡು ಪುಟ ಮುಂಚಿನಿಂದಲೇ ಹೆದರಿ, ಅದು ದಾಟಿದ ಮೇಲೆ ಉಳಿದ ಪುಟಗಳಲ್ಲಿ ಸುಧಾರಿಸಿಕೊಳ್ಳುವುದರಲ್ಲೇ ಹಾಡು ಮುಗಿದುಹೋಗುತ್ತಿತ್ತು. ಈಗ ಮೇಲೆ ಸೊಪ್ರಾನೊಗಳು, ಹಿಂದೆ ಗಂಡು ದನಿಗಳು, ನಡುವೆ ನಾನು. ಸುತ್ತ ಎಲ್ಲವೂ ಕೇಳಿಸುತ್ತಿತ್ತು. ಕಛೇರಿಯ ಮರುದಿನ ಬೆಳಿಗ್ಗೆ ಪ್ರೂಯಿಟ್ ಮೇಡಂ ಬಾಗಿಲು ತಟ್ಟಿದೆ. "ಬಾ, ತಡ ಮಾಡಿದೆ," ಎಂದರು, ಅಷ್ಟೇ. ಒಂದು ಕೋಟು ಕಳಚಿದರು. ಪರೀಕ್ಷೆಯ ಹಾಡುಗಳನ್ನೆಲ್ಲ ಬದಲಾಯಿಸಿದೆವು. ಹಗಲೂ ಸಂಜೆಯೂ ಕಲಿತೆ, ಆದರೆ ಒಂದು ದಿನವೂ ಗಂಟಲು ನೋಯಲಿಲ್ಲ.

ಶುಕ್ರವಾರ ಆ ಐದು ಜನರ ಮುಂದೆ ನಿಂತೆ. ಮೊದಲ ಹಾಡು ಮುಗಿದಾಗ ಯಾರೂ ಏನೂ ಬರೆದುಕೊಳ್ಳಲಿಲ್ಲ. ಮೇ ತಿಂಗಳಲ್ಲಿ ನನ್ನನ್ನು ಫೇಲ್ ಮಾಡಿದ ಮುದುಕ ಪ್ರೊಫೆಸರ್ ಹೌಗೆನ್ ಕನ್ನಡಕ ತೆಗೆದು ನನ್ನ ಕಡೆ ನೋಡಿ, "ಮಿಸ್ ಕುಬಿಚೆಕ್, ಹೋದ ಸಲ ಒಂದು ಹುಡುಗಿ ಬಂದಿದ್ದಳಲ್ಲ, ಅವಳೆಲ್ಲಿ?" ಎಂದರು.

"ಊರಿಗೆ ಹೋದಳು ಸರ್," ಎಂದೆ. ನನಗೇ ಗೊತ್ತಿಲ್ಲದೆ ಬಾಯಿಗೆ ಬಂತು.

"ಒಳ್ಳೇದಾಯ್ತು. ಪಾಪ, ಅವಳಿಗೆ ಇಲ್ಲಿ ತುಂಬಾ ಕಷ್ಟ ಆಗ್ತಿತ್ತು," ಎಂದರು. ಎಲ್ಲರೂ ನಕ್ಕರು. ಐವರೂ ಒಪ್ಪಿದರು. ಹೊರಗೆ ಬಂದು ಹಿಮದಲ್ಲಿ ಕೋಟಿಲ್ಲದೆ ನಿಂತಿದ್ದೆ, ಚಳಿಯೇ ಗೊತ್ತಾಗಲಿಲ್ಲ. ಟೆಸ್ ಓಡಿಬಂದು ತನ್ನ ಶಾಲು ಹೊದಿಸಿದಳು. ಅವಳು ಅತ್ತಳು, ನಾನು ಅಳಲಿಲ್ಲ. ಭಾರ ಇಳಿದವರಿಗೆ ಅಳು ಬರುವುದಿಲ್ಲವೇನೋ, ಹಸಿವಾಗುತ್ತದೆ. ಇಬ್ಬರೂ ಹೋಗಿ ಒಂದೊಂದು ತಟ್ಟೆ ಆಲೂಗೆಡ್ಡೆ, ಮಾಂಸದುಂಡೆ ತಿಂದೆವು.

ಇನ್ನೊಂದು ಮಾತು. ಕ್ರಿಸ್‌ಮಸ್ ಹಿಂದಿನ ಸಂಜೆಯ ಪೂಜೆಯಲ್ಲಿ ಒಬ್ಬರೇ ಹಾಡುವ ನಿನ್ನ ಸೋಲೋವನ್ನು ಈ ವರ್ಷ ನಾನು ಹಾಡುವುದಿಲ್ಲ. ಚರ್ಚಿನ ಮಿಸೆಸ್ ಹ್ರುಸ್ಕಾಗೆ ನಿನ್ನೆ ಫೋನ್ ಮಾಡಿದ್ದೆ. "ಅಯ್ಯೋ ಡೀಲಿಯಾ, ಆ ಹಾಡು ನಿಮ್ಮ ಮನೇದಲ್ವಾ? ನಿಮ್ಮಮ್ಮ ಇಪ್ಪತ್ತು ವರ್ಷ ಹಾಡಿದ್ದು, ಆಮೇಲೆ ನೀನು," ಎಂದು ಗೋಳಾಡಿದರು. ಕೊನೆಗೆ ನೊವೊಟ್ನಿಯವರ ಮಗಳು ಪೇಜ್‌ಗೆ ಕೊಡಲು ಒಪ್ಪಿಕೊಂಡರು. ಪೇಜ್ ಹುಟ್ಟಾ ಸೊಪ್ರಾನೊ, ಏಣಿ ಬೇಕಿಲ್ಲ. ನಿನ್ನನ್ನು ಕೇಳದೆ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ.

ಶನಿವಾರ ಟೆಸ್ ತನ್ನ ಕಾರಿನಲ್ಲಿ ಬಿಟ್ಟುಹೋಗುತ್ತಾಳೆ, ಅವಳಿಗೂ ಊಟ ಇರಲಿ. ಬಸ್ಟರ್‌ಗೆ ನಾನು ನಿಜವಾಗಿ ಬೈದಿಲ್ಲವೆಂದು ಹೇಳು. ಅಪ್ಪನ ಹಣೆಗೆ ಐಸ್ ಇಡು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗೆ, ನಗುನಗುತ್ತಾ ಇಟ್ಟಿರಲಿ. ಅಜ್ಜಿ ಇದ್ದಿದ್ದರೆ ಹೆಬ್ಬೆರಳಿನಿಂದ ನಮ್ಮೆಲ್ಲರ ಹಣೆಗೂ ಶಿಲುಬೆ ಎಳೆಯುತ್ತಿದ್ದಳು. ಈ ಸಲ ಆ ಕೆಲಸ ನೀನು ಮಾಡು.

ನಿನ್ನ ಪ್ರೀತಿಯ,
ಡೀ

ಮ.ವಿ: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ನಿನ್ನ ಜಾಗದಲ್ಲಿ ಮೊದಲ ಸಲ ಆ ಸೋಲೋ ಹಾಡಲು ಚರ್ಚಿನ ಮೇಲಿನ ಅಟ್ಟಣೆಯಲ್ಲಿ ನಿಂತಾಗ, ನೀನು ಬೆಂಚಿನಿಂದ ಎದ್ದು ಹೊರಗೆ ಹೋದದ್ದು ನನಗೆ ಕಾಣಿಸಿತು. "ಅಮ್ಮ ಕಾರು ಬಿಸಿ ಮಾಡೋಕೆ ಹೋಗಿದ್ಲು" ಎಂದರು ಅಪ್ಪ. ಮರುವರ್ಷವೂ ನೀನು ಎದ್ದುಹೋದೆ, ಅದರ ಮುಂದಿನ ವರ್ಷವೂ. ನಾನು ಸರಿಯಾಗಿ ಹಾಡುತ್ತಿಲ್ಲ, ನಿನ್ನ ಹಾಗೆ ಹಾಡಿದರೆ ನೀನು ಕೂತಿರುತ್ತೀಯ ಎಂದುಕೊಂಡೆ. ಅದಕ್ಕೇ ಇನ್ನೂ ಹೆಚ್ಚು ನಿನ್ನ ಹಾಗೆ ಹಾಡಿದೆ. ನಿನ್ನ ಹಾಗೆ ಹಾಡಿದಷ್ಟೂ ನಿನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ ಎನ್ನುವುದು ಡುಬ್ಯೂಕ್‌ನ ಆ ಕುರ್ಚಿಯಲ್ಲಿ, ನನ್ನ ದನಿಯೂ ಹೋಯಿತೇನೋ ಎಂದು ಕೂತಿದ್ದಾಗ ಅರ್ಥವಾಯಿತು. ನೀನು ಏನೂ ಹೇಳಬೇಕಾಗಿಲ್ಲ. ಈ ವರ್ಷ ನಾನು ಅಟ್ಟಣೆಗೆ ಹತ್ತುವುದಿಲ್ಲ, ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಪೇಜ್ ಹಾಡಲು ಶುರುಮಾಡಿದಾಗ ನಿನಗೆ ಎದ್ದು ಹೋಗಬೇಕೆನಿಸಿದರೆ ನನ್ನ ಕೈ ಮುಟ್ಟು. ಇಬ್ಬರೂ ಹೋಗಿ ಕಾರಿನಲ್ಲಿ ಕೂತುಕೊಳ್ಳೋಣ.