ಬಜ್ಜಿ ತಿನ್ನೋ ತೇಜು

ಆಗಸ್ಟ್ 12, ಮಂಗಳವಾರ. ವೆಸ್ಟ್ ಮಾಂಬಲಂ, ಚೆನ್ನೈ

ಬೆಳಿಗ್ಗೆ ತೇಜು ಅವಳಜ್ಜಿ, ಅಂದರೆ ನಮ್ಮತ್ತೆ ಮೇಲೆ ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. "ಅದನ್ನ ಅನುಪ್ಪಾದೀಂಗ ಅಜ್ಜಿ, ಕಳಿಸ್ಬೇಡಿ!" ಸಿಟ್ಟು ಬಂದರೆ ನನ್ನ ಮಗಳ ಬಾಯಲ್ಲಿ ತಮಿಳೇ ಮೊದಲು ಬರೋದು.

ಅವಳು ಕಣ್ಣು ಮುಚ್ಚಿ, ಬಾಯಿ ತುಂಬ ಬಜ್ಜಿ ತುರುಕಿಕೊಂಡಿರೋ ಫೋಟೊ. ಕ್ಲಾಸಿನ ಹುಡುಗನೊಬ್ಬ ಅದನ್ನ ಸ್ಟಿಕರ್ ಮಾಡಿದ್ದಾನೆ. ಗ್ರೂಪಲ್ಲಿ ಇವಳು ಏನು ಬರೆದರೂ ಎಲ್ಲರೂ ಅದನ್ನೇ ಹಾಕಿ ಆಡಿಕೊಳ್ತಾರಂತೆ. ನಮಗೇನು ಗೊತ್ತು? ಅತ್ತೆ ಅವಳ ಫೋನಲ್ಲಿ ನೋಡಿ, ಮುದ್ದಾಗಿದೆ ಅಂತ ತಗೊಂಡು, ವಾರದಿಂದ ಮನೆಯವರ ಗ್ರೂಪಿಗೆ ದಿನಾ ಶುಭೋದಯದ ಜೊತೆ ಕಳಿಸ್ತಿದ್ದರು. ದಾವಣಗೆರೆಯ ನೆಂಟರೆಲ್ಲ ಅದನ್ನೇ ವಾಪಸ್ ಹಾಕ್ತಿದ್ದರು.

ವಿಷಯ ತಿಳಿದ ಮೇಲೆ ಅತ್ತೆಗೆ ಕಾಫಿಯೂ ಸೇರಲಿಲ್ಲ. ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಅಳಿಸೋಕೆ ಹೇಳಿದರು. ಅವರ ತಮ್ಮ ಗಂಗಾಧರಪ್ಪ, "ಅಯ್ಯೋ ಅಕ್ಕ, ಮುದ್ದಾಗಿದೆ, ಇರಲಿ ಬಿಡು" ಅಂದರು.

"ಮುದ್ದು ಅಂತ ಅವಳಿಗೆ ಅನ್ನಿಸಬೇಕು ಕಣೋ. ಈಗಲೇ ಅಳಿಸು, ನಾನು ಲೈನಲ್ಲೇ ಇರ್ತೀನಿ."

ಬಾಗಿಲ ಹಿಂದೆ ನಿಂತು ಕೇಳ್ತಿದ್ದ ತೇಜು ಬಂದು ಅಜ್ಜಿಯ ತೊಡೆ ಮೇಲೆ ತಲೆಯಿಟ್ಟಳು. ಕ್ಲಾಸಿನ ಗ್ರೂಪನ್ನ ತಾನಾಗೇ ತೆಗೆದು ತೋರಿಸಿದಳು. ಅತ್ತೆ ಎಲ್ಲಾ ನೋಡಿದರು, ಕನ್ನಡಕ ಒರೆಸಿಕೊಂಡರು, ಆಮೇಲೆ ಕೇಳಿದರು: "ಈ ಹುಡುಗನಿಗೆ ಅಜ್ಜಿ ಇದ್ದಾಳೇನೇ? ನಂಬರ್ ಕೊಡು."

ತೇಜು ನಕ್ಕುಬಿಟ್ಟಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

ನಾಳೆ ಟೀಚರ್ ಹತ್ತಿರ ನಾನೊಬ್ಬಳೇ ಹೋಗಿ ಬರ್ತೀನಿ ಅಂದಿದ್ದೀನಿ. ಅತ್ತೆ ಆಗಲೇ ತಮ್ಮ ಸೀರೆ ತೆಗೆದಿಟ್ಟಿದ್ದಾರೆ.