ಸಂಜೆಗೆ ಕಡ ತಂದ ಚಾನೆಲ್

೧೨ ಆಗಸ್ಟ್ ೨೦೦೪, ಗುರುವಾರ, ಘಟಪ್ರಭಾ

ಈ ಊರಿಗೆ ಬಂದಾಗಿನಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ ಇವತ್ತು ಬಗೆಹರಿಯಿತು. ದಿನಾ ಸಂಜೆ ಆರರ ಸುಮಾರಿಗೆ ಪೇಟೆಯ ಮೊಬೈಲ್ ಟವರಿನ ಚಾನೆಲ್ಲೆಲ್ಲ, ಅಂದರೆ ಕರೆ ಹೋಗುವ ದಾರಿಗಳೆಲ್ಲ, ತುಂಬಿ ಅರ್ಧ ತಾಸು ಯಾರಿಗೂ ಫೋನು ಹತ್ತುತ್ತಿರಲಿಲ್ಲ. ಟವರಿನ ಉಸ್ತುವಾರಿ ನನ್ನದು; ಯಂತ್ರದ ದೋಷವೆಂದು ಎರಡು ಸಲ ಅದರೊಳಗಿನ ಕಾರ್ಡು ಬದಲಿಸಿದ್ದೆ. ಉತ್ತರ ನಾನಿರುವ ಮನೆಯಲ್ಲೇ ಇತ್ತು. ನಿನ್ನೆ ಮನೆಯೊಡತಿ ಸೀತಾಬಾಯಿ ಮುಖ ಬಾಡಿಸಿಕೊಂಡು ಕೂತಿದ್ದರು.

“ಚಾತುರ್ಮಾಸ ಐತ್ರಿ. ಹೊತ್ತ ಮುಳುಗಿದ ಮ್ಯಾಲೆ ನಮ್ಮನಿಯವ್ರು ಉಣ್ಣಂಗಿಲ್ಲ. ಉಣ್ಣಾಕ ಬರ್ರಿ ಅಂತ ಅಂಗಡಿಗೆ ಫೋನ್ ಹಚ್ಚಿದ್ರ ಹತ್ತವಲ್ದು. ಎರಡ ದಿನ ಉಪಾಸ ಮಲಗ್ಯಾರ.”

ಪೇಟೆಯ ಜೈನರ ಮನೆಗಳೆಲ್ಲ ಒಂದೇ ಹೊತ್ತಿಗೆ ಅಂಗಡಿಗಳಿಗೆ ಫೋನು ಹಚ್ಚುತ್ತಿದ್ದವು. ಹೊಲಗಳ ಕಡೆಯ ಟವರಿನಲ್ಲಿ ಆಗ ನಾಲ್ಕು ಚಾನೆಲ್ ಸುಮ್ಮನೆ ಬಿದ್ದಿರುತ್ತವೆ, ಅಲ್ಲಿ ಅದು ಹಾಲು ಹಿಂಡುವ ಹೊತ್ತು. ಇವತ್ತು ನಮ್ಮ ಆಫೀಸಿನ ಸಾಹೇಬರನ್ನು ಒಪ್ಪಿಸಿ, ಸಂಜೆ ಒಂದು ತಾಸಿನ ಮಟ್ಟಿಗೆ ಅವನ್ನು ಪೇಟೆಗೆ ಕಡ ತಂದೆ.

ಆರೂ ಹತ್ತಕ್ಕೆ ನನ್ನ ಫೋನು ರಿಂಗಾಯಿತು. ಸೀತಾಬಾಯಿ.

“ಇವ್ರು ಬಂದು ತಾಟಿನ ಮುಂದ ಕುಂತಾರ್ರಿ. ನೀವೂ ಲಗೂನ ಬರ್ರಿ, ಹೊತ್ತ ಮುಳಗತೈತಿ.”

ನಾನು ಜೈನನಲ್ಲ, ಒಂಬತ್ತಕ್ಕೆ ಉಣ್ಣುವವನು. ಆದರೂ ಹೋದೆ.

ಈಗ ಹತ್ತೂವರೆ, ಮತ್ತೆ ಹಸಿವಾಗಿದೆ. ಡಬ್ಬಿಯಲ್ಲಿ ಚುರುಮುರಿ ಇದೆ. ಇವತ್ತೊಂದು ದಿನ ಮುಟ್ಟುವುದು ಬೇಡ ಅನಿಸುತ್ತಿದೆ.