ತೊಳೆದುಹೋದ ಇದ್ದಿಲಿನ ಗುರುತು

ರಾಜಮಹಲ್ ಬೆಟ್ಟ, ಜಾರ್ಖಂಡ್
ಮಂಗಳವಾರ

ದೊಡ್ಡಮ್ಮಾ,

ನೆಗಡಿ ಬಿಟ್ಟಿದೆ, ಊಟ ಸೇರುತ್ತಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು.

ಇಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಕಲ್ಲಾಗಿದೆ. ಅದರೊಳಗೆ ಹೂತುಹೋದ ಗಿಡದ ಕಾಂಡಗಳೂ ಕಲ್ಲಾಗಿವೆ. ದುಂಡಗಿದ್ದವು ಈಗ ಗಾಣಕ್ಕೆ ಕೊಟ್ಟ ಕಬ್ಬಿನಂತೆ ಚಪ್ಪಟೆ. ಎಷ್ಟು ಚಪ್ಪಟೆಯಾಗಿವೆ ಎಂದು ಅಳೆದರೆ ಬೂದಿಯ ಪದರ ಎಷ್ಟು ಕುಗ್ಗಿದೆಯೆಂದು ತಿಳಿಯುತ್ತದೆ. ಆದರೆ ನೆಲದಲ್ಲಿ ಕಲ್ಲಿನ ಯಾವ ಬದಿ ಮೇಲಿತ್ತೆಂದು ಗೊತ್ತಿಲ್ಲದಿದ್ದರೆ ಅಳತೆ ನಂಬುವಂತಿಲ್ಲ. ಕಲ್ಲು ಕೀಳುವ ಮಂಗಲ್ ಸೊರೇನ್ ಎಂಬ ಹಿರಿಯರು ಪ್ರತಿ ಕಲ್ಲಿಗೂ ಇದ್ದಿಲಿನಿಂದ ಮೇಲ್ಬದಿಯ ಗುರುತು ಹಾಕಿದ್ದರು. ನಾನು ಕೊಳೆಯೆಂದುಕೊಂಡು ಅವರು ಕಿತ್ತುಕೊಟ್ಟ ನಲವತ್ತೂ ಕಲ್ಲು ತೊಳೆದುಬಿಟ್ಟೆ.

ನಮ್ಮ ತಂಡದ ಹಿರಿಯರು ಶಿಕಾರಿಪುರದ ವಸಂತ ಸರ್. ಗುರುತು ಎಲ್ಲಿ ಎಂದು ಅವರು ಕೇಳಿದಾಗ, "ಇವರು ಗುರುತೇ ಹಾಕಿಲ್ಲ ಸರ್" ಎಂದು ಕನ್ನಡದಲ್ಲಿ ಹೇಳಿದೆ. ಕನ್ನಡ ತಿಳಿಯದ ಮಂಗಲ್ ಪಕ್ಕದಲ್ಲೇ ನಗುತ್ತಾ ನಿಂತಿದ್ದರು. ಮರುದಿನ ಸರ್ ಹಿಂದಿಯಲ್ಲಿ ಕಾರಣ ಹೇಳಿ, ಮಂಗಲ್ ಅವರನ್ನು ಕೆಲಸದಿಂದ ಬಿಡಿಸಿದರು.

ಮೂರು ದಿನ ಸುಮ್ಮನಿದ್ದು, ಇಂದು ಬೆಳಿಗ್ಗೆ ಸರ್‌ಗೆ ನಿಜ ಹೇಳಿದೆ.

"ಕಲ್ಲು ಇನ್ನೊಂದ್ ಸಲ ಕೀಳ್‌ಬೌದ್ರೀ ಶಾಲಿನಿ. ಆ ಹಿರೇರಿಗೆ ಏನ್ ಹೇಳ್ತೀರಿ? ನಡೀರಿ," ಎಂದರು.

ಇಬ್ಬರೂ ಮಂಗಲ್ ಮನೆಗೆ ಹೋದೆವು. ನನ್ನ ಹರಕು ಹಿಂದಿಯಲ್ಲಿ ತಪ್ಪು ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ. ಒಳಗಿನಿಂದ ಹೆಂಡತಿಯನ್ನು ಕರೆತಂದು, "ಇವಳಿಗೂ ಹೇಳಮ್ಮ, ಗುರುತು ಹಾಕಿದ್ದೆ ಅಂದರೆ ನಂಬುತ್ತಿಲ್ಲ" ಎಂದರು. ಆಕೆಯ ಮುಖ ನೋಡಲಾಗದೆ ನೆಲ ನೋಡುತ್ತಾ ಇನ್ನೊಮ್ಮೆ ಹೇಳಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಮ್ಮೂರು ಉಳವಿಯ ಪೋಸ್ಟಿನವರು ಇದನ್ನು ಓದಿದರೆ ಓದಲಿ.

ನಿನ್ನ ಶಾಲಿನಿ